ಎರಡು ಹಿಡಿ ಹಿಟ್ಟು

ಕ್ರಿ.ಶ. ೨೩೧೭, ಹದಿಮೂರನೇ ತಿಂಗಳು, ನಲವತ್ತನೇ ತಾರೀಖು
ತೇಲೂರು, ತುಂಗಭದ್ರೆಯ ಹಿನ್ನೀರು

ನಮ್ಮ ಹೂವಕ್ಕನ ಮರಿಮಕ್ಕಳ ಮರಿಮಕ್ಕಳಿಗೆ, ಅವಳ ಸೋದರಮಾವ ತಿಪ್ಪೇಶಿಯ ಆಶೀರ್ವಾದಗಳು.

ತಾರೀಖು ನೋಡಿ ಮುದುಕನಿಗೆ ಅರಳುಮರಳು ಎನ್ನಬೇಡಿ. ಹಿನ್ನೀರು ಇಳಿಯುವ ದಿನಗಳನ್ನೆಲ್ಲ ಒಟ್ಟುಮಾಡಿ ನಾವು ಹದಿಮೂರನೇ ತಿಂಗಳು ಮಾಡಿಕೊಂಡಿದ್ದೇವೆ. ನೀರು ಇಳಿದು ಮುಗಿಯುವ ತನಕ ಅದೂ ಮುಗಿಯುವುದಿಲ್ಲ. ನನ್ನ ಮಾತು ನಿಮ್ಮ ಕಾಲಕ್ಕೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ತೇಲುಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು, ಅದೂ ಗಾಳಿಗೆ ಶಾಲೆಯೇ ಆಚೆ ದಡಕ್ಕೆ ಹೋಗಿಬಿಟ್ಟ ದಿನಗಳನ್ನು ಬಿಟ್ಟು. ಆದರೆ ಬಿಸಿಲುದೋಣಿಯನ್ನು, ಅಂದರೆ ಚಾವಣಿಯಿಂದ ಬಿಸಿಲು ಕುಡಿದು ಓಡುವ ದೋಣಿಯನ್ನು, ನನ್ನಷ್ಟು ನೆಟ್ಟಗೆ ಬಿಡುವವನು ಈ ನೀರಿನಲ್ಲಿ ಹುಟ್ಟಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಊರು ಹೇಳುತ್ತದೆ. ಊರಿಗೆ ಹೇಳಿದವನು ಮಾತ್ರ ನಾನೇ.

ತುಂಬಿದಮನೆಯವರು ಹೆಸರು ಬದಲಿಸಿಕೊಂಡು ಆಚೆ ದಡದಲ್ಲೂ ಇನ್ನೊಂದು ಮನೆ ಕಟ್ಟುತ್ತಿದ್ದಾರೆಂದು ಸುದ್ದಿ. ನಿಮ್ಮ ಕಾಲಕ್ಕೂ ಬಂದಾರು. ಬಂದು, ಹೂವಕ್ಕ ತಾನಾಗಿ ಹೊರಬರಲಿಲ್ಲ, ಮಾವನೇ ಕದ್ದೊಯ್ದ ಎಂದಾರು. ಕದ್ದೊಯ್ಯುವುದಿರಲಿ, ಅವಳು ಹೊರಬರದಂತೆ ಮಾಡುವುದರಲ್ಲಿದ್ದವನು ನಾನು. ಅದನ್ನು ಬರೆದಿಡುತ್ತೇನೆ.

ತುಂಬಿದಮನೆ ಎಂದರೆ ನಡುಗಡ್ಡೆಯ ಮೇಲಿನ ಒಂದು ಪಂಥ. ಅದರ ಹಿರಿಯ ದೊಡ್ಡಯ್ಯನಿಗೆ ಹದಿನಾಲ್ಕು ಹೆಂಡಿರು. ದೇವರು ಬರುವ ಮನೆ ತುಂಬಿರಬೇಕು ಎನ್ನುವುದು ಅವನ ಬೋಧನೆ. ಅವನು ಮನೆ ತುಂಬಿಸಿದ, ದೇವರು ಬಂದದ್ದನ್ನು ನಾನಂತೂ ನೋಡಲಿಲ್ಲ. ನನ್ನ ಭಾವ ಆ ಪಂಥಕ್ಕೆ ಸೇರುವಾಗ ಹದಿನೆಂಟರ ಮಗಳನ್ನೂ ಒಪ್ಪಿಸಿದ. ಹೀಗೆ ಹೂವಕ್ಕ ದೊಡ್ಡಯ್ಯನ ಒಂಬತ್ತನೆಯ ಹೆಂಡತಿಯಾದಳು. ಅಲ್ಲಿ ಪ್ರತಿ ಹೆಂಡತಿಗೂ ಅಡುಗೆಯಲ್ಲಿ ಒಂದೇ ಪಾಲು. ಒಲೆ ಹಚ್ಚುವವಳು ಹಚ್ಚುವುದಷ್ಟೇ, ಹಿಟ್ಟು ಕಲಸುವವಳು ಕಲಸುವುದಷ್ಟೇ. ಹೂವಕ್ಕನದು ಉಪ್ಪಿನ ಪಾಲು. ಒಬ್ಬಳ ಕೆಲಸ ಇನ್ನೊಬ್ಬಳು ನೋಡದಂತೆ ನಡುವೆ ಚಾಪೆ ಕಟ್ಟುತ್ತಿದ್ದರು. ಪೂರ್ತಿ ಅಡುಗೆ ಬಂದವಳಿಗೆ ಬಾಗಿಲು ಗೊತ್ತಾಗುತ್ತದೆ ಎಂಬುದು ದೊಡ್ಡಯ್ಯನ ಮಾತು.

ಅದು ಬರೀ ಮಾತಲ್ಲ. ನಮ್ಮ ನೀರುಪಂಚಾಯ್ತಿಯಲ್ಲಿ ಒಲೆಕಟ್ಟು ಎಂಬ ನಿಯಮವಿದೆ: ಮನೆ ಬಿಟ್ಟು ಬಂದವರು ಪಂಚರ ಮುಂದೆ ಒಂದು ಊಟ ಒಬ್ಬರೇ ಮಾಡಿ ತೋರಿಸಬೇಕು. ಆಗದಿದ್ದರೆ ಬಿಟ್ಟು ಬಂದ ಮನೆಗೇ ವಾಪಸ್ಸು.

ಪ್ರತಿ ಭಾನುವಾರ ನಾನು ನಡುಗಡ್ಡೆಗೆ ಉಪ್ಪು ಒಯ್ಯುತ್ತಿದ್ದೆ. ಉಪ್ಪಿನ ಪಾಲಿನವಳಾದ್ದರಿಂದ ಇಳಿಸಿಕೊಳ್ಳಲು ಅವಳೇ ಬರುತ್ತಿದ್ದಳು. ಚೀಲ ಹಿಡಿದುಕೊಳ್ಳುತ್ತ ವಾರಕ್ಕೊಂದು ಪ್ರಶ್ನೆ. ಬೇಳೆಗೆ ನೀರೆಷ್ಟು? ಒಗ್ಗರಣೆಗೆ ಮೊದಲು ಸಾಸಿವೆಯೋ ಬೆಳ್ಳುಳ್ಳಿಯೋ? ಆರು ವಾರ ಸರಿಯಾಗಿ ಹೇಳಿದೆ. ಏಳನೇ ವಾರ ಅವಳು, "ಮಾವಾ, ಜ್ವಾಳದ ಹಿಟ್ಟಿಗೆ ಬಿಸಿನೀರೋ ತಣ್ಣೀರೋ?" ಎಂದಾಗ ಅವಳ ಹಿಂದೆ ದೊಡ್ಡಯ್ಯನ ಕಡೆಯವನೊಬ್ಬ ನಿಂತು ನಗುತ್ತಿದ್ದ. ನನಗೆ ಅನುಮಾನ ಹತ್ತಿತು. ಹೆಂಗಸರನ್ನು ಮಾತಿಗೆ ಬಿಟ್ಟು ದೋಣಿಯವರನ್ನು ಸಿಕ್ಕಿಸುವುದು ಅವರ ಹಳೇ ಆಟ. ಅಡುಗೆ ಹೇಳಿಕೊಟ್ಟನೆಂದು ನನ್ನ ಜೊತೆಯ ದೋಣಿಯವ ಕೆಂಚಪ್ಪನ ದೋಣಿಯನ್ನು ಅವರು ಕಿತ್ತುಕೊಂಡದ್ದು ಹಾಗೆಯೇ. ನನ್ನ ಅಕ್ಕನ ಮಗಳು ಅವರ ಬೇಹಿನವಳಾಗಿದ್ದಾಳೆ ಎಂದುಕೊಂಡೆ. ನಾನೇನು ಕಡಿಮೆಯವನೇ? "ತಣ್ಣೀರವ್ವ, ಎಷ್ಟು ತಣ್ಣಗಿದ್ರೆ ಅಷ್ಟು ಚಲೋ," ಎಂದೆ. ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ನಗುತ್ತ ಬಂದೆ.

ಮುಂದಿನ ಭಾನುವಾರ ಉಪ್ಪು ಇಳಿಸಿ ವಾಪಸ್ಸು ಅರ್ಧ ನೀರಿಗೆ ಬಂದಾಗ ಖಾಲಿ ಚೀಲಗಳ ಕೆಳಗಿನಿಂದ ಹೂವಕ್ಕ ಎದ್ದು ಕೂತಳು. ಮೊದಲ ಮಾತೇ, "ನಿನ್ ಮನ್ಯಾಗ ಎಷ್ಟು ಮಂದಿ ಹೆಂಡ್ರು ಮಾವಾ?"

"ಒಬ್ಬಾಕಿ. ಅಕಿನ ಹೆಚ್ಚಾಗ್ಯಾಳ."

ಅವಳು ನಗಲಿಲ್ಲ. "ಪಂಚಾಯ್ತಿಗೆ ಬಿಡು. ಅಡುಗಿ ಕಲ್ತೀನಿ."

ತಣ್ಣೀರಿನ ಸುಳ್ಳನ್ನು ಆಗಲೇ ಒಪ್ಪಿಕೊಂಡೆ, ಬಿಸಿನೀರು ಎಂದು ಆಣೆಯಿಟ್ಟೆ. ಅವಳು ನನ್ನನ್ನೇ ನೋಡಿದಳು. "ಯಾವುದು ಸುಳ್ಳು ಮಾವಾ? ಅವತ್ತಿಂದೋ, ಇವತ್ತಿಂದೋ? ಅವರು ನಿನಗೂ ಏನಾರ ಆಸೆ ತೋರ್ಸಿರಬೇಕು." ನಾನು ಅವಳನ್ನು ನಂಬಲಿಲ್ಲ, ಈಗ ಅವಳು ನನ್ನನ್ನು ಯಾಕೆ ನಂಬಬೇಕು?

ಪಂಚಾಯ್ತಿಯ ಕಟ್ಟೆಯ ಮೇಲೆ ಒಲೆ ಇಟ್ಟರು. ನಾನು ಬಾಯಿ ತೆರೆಯಕೂಡದೆಂದು ಹಿರಿಯ ಪಂಚಳಾದ ರುದ್ರವ್ವ ಹೇಳಿದಳು. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ. ದೊಡ್ಡಯ್ಯ ಖುದ್ದಾಗಿ ಬಂದು ಎದುರಿಗೆ ಕೂತ. ಬೇಳೆ ಬೆಂದಿತು, ಒಗ್ಗರಣೆ ಬಿತ್ತು. ಹಿಟ್ಟಿಗೆ ಬಂದಾಗ ಹೂವಕ್ಕ ನಿಂತುಬಿಟ್ಟಳು. ಆಮೇಲೆ ಎರಡು ಹಿಡಿ ಹಿಟ್ಟು ತೆಗೆದು ಬೇರೆಬೇರೆ ಇಟ್ಟಳು. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಕುದಿಯುವ ನೀರು. ತಣ್ಣೀರಿನದು ತಟ್ಟುವಾಗಲೇ ಅಂಚಿನಲ್ಲಿ ಬಿರಿದು, ಎತ್ತುವಾಗ ಮೂರು ತುಂಡಾಯಿತು. ಬಿಸಿನೀರಿನದು ದುಂಡಗೆ ಹರಡಿ, ಹಂಚಿನ ಮೇಲೆ ಉಬ್ಬಿತು.

"ಒಂದು ಮುರೀತಲ್ಲ! ಈಕಿಗೆ ಬರಂಗಿಲ್ಲ ಅಂತಾತು," ಎಂದು ದೊಡ್ಡಯ್ಯ ಎದ್ದ.

ರುದ್ರವ್ವ ಉಬ್ಬಿದ ರೊಟ್ಟಿ ಮುರಿದು ಬೇಳೆಗೆ ಅದ್ದಿ ಬಾಯಿಗಿಟ್ಟಳು. "ತಾನ ಮಾಡಿ ನೋಡಿ ತಿಳ್ಕಳಾಕ ಬಂತಲ್ಲೋ ಯಪ್ಪಾ, ಇನ್ನೇನು ಬರಬೇಕು? ಹದಿನಾಲ್ಕು ಮಂದಿ ಇಟ್ಕಂಡು ನಿನಗ ಒಂದು ರೊಟ್ಟಿ ತಟ್ಟಾಕ ಬರತೈತೇನು? ನಡಿ, ನಡಿ."

ಮುರಿದ ಮೂರು ತುಂಡನ್ನು ಹೂವಕ್ಕ ನನ್ನ ತಟ್ಟೆಗೆ ಹಾಕಿದಳು. "ಇದು ನಿಂದು ಮಾವಾ." ಒಂದು ಚೂರೂ ಬಿಡದೆ ತಿಂದೆ.

ನಡುಗಡ್ಡೆಗೆ ಉಪ್ಪು ತರುವ ದೋಣಿ ಬೇರೆ ಇಲ್ಲ, ಹಾಗಾಗಿ ಅವರು ನನ್ನನ್ನು ಬಿಡಲಾರರು. ಈಗ ಭಾನುವಾರಗಳಲ್ಲಿ ಅವಳೂ ನನ್ನ ದೋಣಿಯಲ್ಲಿ ಬರುತ್ತಾಳೆ, ಗುರುತು ಸಿಗದಂತೆ ತಲೆಗೆ ಗಂಡಸರ ರುಮಾಲು ಸುತ್ತಿಕೊಂಡು. ಉಪ್ಪು ಇಳಿಸಿಕೊಳ್ಳಲು ಬರುವ ಹೊಸಬಳು ಚೀಲ ಹಿಡಿಯುತ್ತ ಒಂದು ಪ್ರಶ್ನೆ ಕೇಳುತ್ತಾಳೆ, ಹೂವಕ್ಕ ಹೇಳುತ್ತಾಳೆ. ಹೇಳಿ, "ನನ್ ಮಾತು ನಂಬಬ್ಯಾಡ, ಮಾಡಿ ನೋಡು," ಎಂದು ಸೇರಿಸುತ್ತಾಳೆ. ಇಲ್ಲಿಯವರೆಗೆ ನಾಲ್ವರು ಹೊರಗೆ ಬಂದಿದ್ದಾರೆ.

ಮಕ್ಕಳೇ, ನನ್ನ ಕೋರಿಕೆ ಇಷ್ಟೇ. ದೇವರ ಹೆಸರಲ್ಲಿ ಯಾರಾದರೂ ನಿಮ್ಮ ನಡುವೆ ಚಾಪೆ ಕಟ್ಟಲು ಬಂದರೆ, ಆಚೆ ಏನಿದೆ ಎಂದು ಎತ್ತಿ ನೋಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ ಎನ್ನುವ ಮಾವಂದಿರ ಮೇಲೂ ಒಂದು ಕಣ್ಣಿರಲಿ.

ರೊಟ್ಟಿಗೆ ಬಿಸಿನೀರೇ. ಆದರೂ ಒಂದು ಹಿಡಿ ಕಲಸಿ ನೋಡಿಕೊಳ್ಳಿ.

ಇಂತಿ,
ತಿಪ್ಪೇಶಿ ಮಾವ