ಮೂರನೇ ವಾರದ ಎದೆನೋವು

ಸವಾಯಿ ದ್ವೀಪ
ಬುಧವಾರ, ಸಂಜೆ

ಪ್ರೀತಿಯ ಪೆಲೆನಾತೆತೆ ಅಕ್ಕನಿಗೆ,

ಇಂದು ಸಂಜೆ ಆರೂಕಾಲಿಗೆ ಪ್ರಾರ್ಥನೆಯ ಶಂಖದ ಸದ್ದಿಗೆ ಎಚ್ಚರವಾಯಿತು. ಎರಡು ರಾತ್ರಿ ಕಣ್ಣು ಮುಚ್ಚದವಳಿಗೆ ಆಗಷ್ಟೇ ಜೋಂಪು ಹತ್ತಿತ್ತು. ಶಂಖ ನಿಂತ ಮೇಲೂ ಎದೆಬಡಿತ ತಗ್ಗಲಿಲ್ಲ. ಮಣಿಕಟ್ಟು ಹಿಡಿದು ಎಣಿಸಿದೆ: ನಿಮಿಷಕ್ಕೆ ನೂರಿಪ್ಪತ್ತೆಂಟು. ಮೈ ಸುಡುತ್ತಿತ್ತು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗೆ ನೋವು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗೋಡೆಯಿಲ್ಲದ ಈ ಮನೆಯಲ್ಲಿ ನಾನು ಪಿಸುಗುಟ್ಟಿದ್ದೂ ನಿಮ್ಮ ಅಮ್ಮನ ಚಾಪೆಯ ತನಕ ಹೋಗುತ್ತದೆ. ಅದಕ್ಕೇ ಬರೆದು, ಹಾಳೆಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಐಲಿನಿ ಹುಟ್ಟಿದ ಮೇಲೆ ನನ್ನ ಕಿವಿಯಲ್ಲಿ ಇಲ್ಲದ ದನಿಗಳು ಮಾತಾಡತೊಡಗಿದ್ದು ನಿಮಗೆ ಗೊತ್ತೇ ಇದೆ. ಎರಡು ಔಷಧ ಸೋತವು. ಪಕ್ಕದ ದ್ವೀಪದ ಆಪಿಯಾದ ದೊಡ್ಡಾಸ್ಪತ್ರೆಯವರು ಕೊಟ್ಟ ಮೂರನೆಯದು ಕೆಲಸ ಮಾಡಿತು. ಮಗುವಿಗೆ ನಾನೇ ಸ್ನಾನ ಮಾಡಿಸಿದೆ, ನಾನೇ ಹಾಡಿ ಮಲಗಿಸಿದೆ. ಆ ಮಾತ್ರೆ ಕೆಟ್ಟದ್ದೆಂದು ನನ್ನ ಬಾಯಲ್ಲಿ ಯಾರೂ ಹೇಳಿಸಲಾರರು. ಒಂದು ಹೊತ್ತೂ ತಪ್ಪಿಸದೆ ನುಂಗುತ್ತಿದ್ದೇನೆ. ಆದರೆ ಇದು ಮೂರನೇ ವಾರ. ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಅಚ್ಚಾಗಿದೆ: ಮೊದಲ ವಾರಗಳಲ್ಲಿ ಜ್ವರ, ಓಡುವ ನಾಡಿ, ಎದೆನೋವು ಬಂದರೆ ಹೃದಯದ ಸ್ನಾಯು ಊದಿಕೊಂಡಿರಬಹುದು, ತಡಮಾಡದೆ ಪರೀಕ್ಷೆ ಮಾಡಿಸಿ.

ನಿನ್ನೆ ಇಲ್ಲಿನ ಡಾಕ್ಟರಿಗೆ ಆ ಚೀಟಿ ತೋರಿಸಿದೆ. ಅವರು ಓದಿದ್ದು ಮಾತ್ರೆಯ ಹೆಸರು ಮಾತ್ರ. "ಗಾಬರಿ ಅಷ್ಟೇ ಕಣಮ್ಮ. ಇಂಥದ್ದೆಲ್ಲ ಓದ್ತಾ ಕೂತ್ರೆ ಇಲ್ದಿರೋ ನೋವೂ ಬರುತ್ತೆ" ಅಂದರು. ಎದೆಗೆ ಸ್ಟೆತಾಸ್ಕೋಪು ಕೂಡ ಇಡಲಿಲ್ಲ. ನಾಲ್ಕು ವರ್ಷ ಶಾಲೆಯಲ್ಲಿ ಓದು ಕಲಿಸಿದವಳಿಗೆ ಓದಬೇಡ ಅನ್ನುತ್ತಾರೆ!

ಅದಕ್ಕೇ ಇಂದು ಪ್ರಾರ್ಥನೆಯ ಹೊತ್ತಿನಲ್ಲೇ ರಸ್ತೆಗಿಳಿದು ಹಡಗುಕಟ್ಟೆಯ ಕಡೆ ಹೊರಟೆ. ಆ ಹೊತ್ತಿನಲ್ಲಿ ಯಾರೂ ಓಡಾಡಬಾರದೆಂದು ಕಾವಲು ನಿಂತ ಗಂಡಸರು ಅಡ್ಡ ಬಂದರು.

"ಅತ್ಗೆ, ಶಂಖ ಕೇಳಿಸ್ಲಿಲ್ವಾ? ಇಲ್ಲಾ ನಿಮ್ಮ ಕಿವೀಲಿ ಬೇರೆ ಯಾರಾದ್ರೂ ಊದ್ತಿದ್ರಾ?" ಎಂದು ಒಬ್ಬ ನಕ್ಕ.

"ಕೇಳಿಸ್ತಪ್ಪ, ನಿನಗಿಂತ ಚೆನ್ನಾಗೇ ಕೇಳಿಸ್ತು. ದಂಡ ಹಾಕು. ಹಂದಿ ಕೇಳ್ತೀಯಾ? ಬದುಕಿದ್ರೆ ನಾನೇ ಹೊತ್ಕೊಂಡ್ ಬಂದು ಕೊಡ್ತೀನಿ" ಅಂದೆ.

ತಾವಿತ ಓಡಿಬಂದು ಕೈ ಹಿಡಿದು ಮನೆಗೆ ಕರೆತಂದ. ಬೈಯಲಿಲ್ಲ. ಹೆಂಡತಿಯ ಮೇಲೆ ಅವನಿಗೆ ಸಿಟ್ಟಿಲ್ಲ, ಹೆದರಿಕೆ ಇದೆ. ಅತ್ತೆ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: "ಆ ಮಾತ್ರೆ ಸಮುದ್ರಕ್ಕೆ ಎಸಿ. ಬೆಳಗ್ಗೆ ಐದರ ಬಸ್ಸಿಗೆ ನನ್ನ ತವರೂರಿನ ಅಜ್ಜಿ ಹತ್ರ ಕರ್ಕೊಂಡ್ ಹೋಗು. ಸೊಪ್ಪು ತಿಕ್ಕಿ ದೆವ್ವ ಬಿಡಿಸ್ತಾಳೆ." ಅವನು ಹೂಂ ಎಂದು ತಲೆಯಾಡಿಸಿದ. ಅಜ್ಜಿ ಇರುವುದು ದ್ವೀಪದ ಆ ತುದಿಯಲ್ಲಿ. ಆಸ್ಪತ್ರೆಗೆ ಹಡಗು ಹೊರಡುವುದು ಈ ತುದಿಯಿಂದ.

ಡಾಕ್ಟರಿಗೆ ನಾನು ಬರೀ ತಲೆ. ಅತ್ತೆಗೆ ಬರೀ ದೆವ್ವ. ತಲೆ ಕೆಟ್ಟವಳಿಗೆ ಹೃದಯ ಇರಬಾರದೆಂದು ಯಾರು ಹೇಳಿದರು?

ಅಕ್ಕ, ನೀವು ಆಕ್ಲೆಂಡಿನಲ್ಲಿ ನರ್ಸ್ ಎಂದಷ್ಟೇ ನಿಮಗೆ ಬರೆಯುತ್ತಿಲ್ಲ. ನೀವು ತಾವಿತನ ಒಡಹುಟ್ಟಿದವರು. ಅಕ್ಕನ ಮಾತು ಮೀರಿದ ಗಂಡಸು ಈ ಊರಲ್ಲಿ ತಲೆಯೆತ್ತಿ ಕೂರಲಾರ. ಅಮ್ಮನ ಮಾತನ್ನೂ ಅವನು ನಿಮಗಾಗಿ ಬಿಟ್ಟಾನು. ನಾನು ಅತ್ತರೂ ಕೂಗಾಡಿದರೂ ಅದು ಕಾಯಿಲೆ. ನೀವು ಹೇಳಿದರೆ ಅಪ್ಪಣೆ. ಬಸ್ಸಲ್ಲ, ಹಡಗು ಎಂದು ಅವನಿಗೆ ಹೇಳಿ.

ನಿಮ್ಮ ತಮ್ಮನ ಹೆಂಡತಿ,
ಸಿಯೆನಿ

ವಿ.ಸೂ.: ಒಂದು ಹೊತ್ತೂ ತಪ್ಪಿಸಿಲ್ಲವೆಂದು ಬರೆದದ್ದು ಸುಳ್ಳು. ಹೃದಯಕ್ಕೆ ಏನಾಗುವುದೋ ಎಂದು ಹೆದರಿ ಭಾನುವಾರದಿಂದ ಮಾತ್ರೆ ನುಂಗಿಲ್ಲ, ಚಾಪೆಯಡಿ ಬಚ್ಚಿಟ್ಟಿದ್ದೇನೆ. ಮಾತ್ರೆ ಬಿಟ್ಟರೂ ನೋವು ಬಿಟ್ಟಿಲ್ಲ. ಇಂದು ಮಧ್ಯಾಹ್ನ ಹಳೆಯ ದನಿಯೂ ಮರಳಿ ಬಂತು. ಹೇಳಿದರೆ ನೀವೂ ನನ್ನ ಎದೆನೋವನ್ನು ನಂಬುವುದಿಲ್ಲವೆಂದು ಮುಚ್ಚಿಟ್ಟೆ. ಎರಡೂ ನಿಜ, ಅಕ್ಕ. ದೊಡ್ಡಾಸ್ಪತ್ರೆಗೆ ಎರಡನ್ನೂ ತಿಳಿಸಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಅವರಿಗೆ ಅವಕಾಶ ಕೊಡಬೇಡಿ. ತಾವಿತ ಫೋನನ್ನು ತಲೆಯ ಬಳಿಯೇ ಇಟ್ಟು ಮಲಗುತ್ತಾನೆ. ಅವನು ಎತ್ತುವ ತನಕ ಮಾಡುತ್ತಲೇ ಇರಿ. ಬೆಳಗಾಗುವ ಮುಂಚೆ, ದಮ್ಮಯ್ಯ, ಬೆಳಗಾಗುವ ಮುಂಚೆ ಮಾಡಿ.