ಚಾವಿಗೆ ನಿಲ್ಲದ ಇಂಜಿನ್

ಶಲವಡಿ
ತಾ. ೨೨-೬-೧೯೮೬, ಕಾರಹುಣ್ಣಿಮೆ

ಚಿ. ಸೌ. ರೇಣುಕವ್ವನಿಗೆ ಅಣ್ಣ ಮಲಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀ, ಆಗು. ಎರಡು ಸಲ ಬರೆಯಲು ಕುಳಿತು ಎರಡು ಸಲವೂ ಹರಿದು ಹಾಕಿದೆ. ಅವ್ವ ಆರಾಮ ಇದ್ದಾಳೆ. ಮೊಣಕಾಲು ನೋವು ಎನ್ನುತ್ತಲೇ ನಿನ್ನ ಬಾಣಂತನದ ಅಂಟಿನುಂಡಿಗೆ ಸಾಮಾನು ಕೂಡಿಡುತ್ತಿದ್ದಾಳೆ. ಈ ಸಲವಾದರೂ ಮನೆಯಲ್ಲಿ ಕೂಸು ಅಳುವುದನ್ನು ಕೇಳಬೇಕು ಎಂದು ದಿನಕ್ಕೆ ನಾಲ್ಕು ಸಲ ಅನ್ನುತ್ತಾಳೆ. ಆಗೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ನೀನು ಕೇಳಿದ ಸುದ್ದಿ ಮೊದಲು ಹೇಳುತ್ತೇನೆ. ಜೀಪಿಗೆ ಹೊಸ ಇಂಜಿನ್ ಕೂತಿದೆ. ಹೊಸದೆಂದರೆ ಅಗದಿ ಹೊಸದಲ್ಲ, ಬೇರೆ ಗಾಡಿಯಿಂದ ಇಳಿಸಿದ ಡೀಸೆಲ್ ಇಂಜಿನ್. ಇದನ್ನು ಹಾಕಿಸಿದರೆ ಮಾತ್ರ ಸೊಸೆಯನ್ನು ತವರಿಗೆ ಕಳಿಸುತ್ತೇವೆ ಎಂದು ನಿನ್ನ ಅತ್ತೆ ಸಾವಂತ್ರೆವ್ವ ಯುಗಾದಿಗೆ ಬಂದಾಗ ಖಡಕ್ಕಾಗಿ ಹೇಳಿ ಹೋಗಿದ್ದರಲ್ಲ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ನೀರು ತಾಗಿದರೆ ಕಿಡಿ ಸಾಯುತ್ತದೆ, ಡೀಸೆಲ್ಲಿಗೆ ಆ ಕಾಟವಿಲ್ಲ ಎಂದು ಊರೆಲ್ಲ ನನಗೆ ಪಾಠ ಹೇಳಿತು. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದವರೂ ಹೇಳಿದರು.

ಹೋದ ಶ್ರಾವಣದಲ್ಲಿ, ಹೆರಿಗೆ ಬೇನೆ ತಿನ್ನುತ್ತಿದ್ದ ನಿನ್ನನ್ನು ದವಾಖಾನೆಗೆ ಒಯ್ಯುವಾಗ ಹಳ್ಳದ ನಡುವೆ ನಿಂತಿತಲ್ಲ, ಅಂದಿನಿಂದ ಜೀಪು ಬೇವಿನ ಮರದ ಕೆಳಗೇ ಬಿದ್ದಿತ್ತು. ಒಂಬತ್ತು ತಿಂಗಳು ನಾನು ಅದನ್ನು ಮುಟ್ಟಿರಲಿಲ್ಲ. ಹೋದ ತಿಂಗಳು ಎತ್ತು ಕಟ್ಟಿ ಒಣ ಹಳ್ಳ ದಾಟಿಸಿ, ಅಲ್ಲಿಂದ ಟ್ರ್ಯಾಕ್ಟರಿಗೆ ಹಗ್ಗ ಹಾಕಿ ಅಣ್ಣಿಗೇರಿಯ ಮೇಸ್ತ್ರಿ ಮಶಾಕಸಾಬನ ಗ್ಯಾರೇಜಿಗೆ ಒಯ್ದೆ. ಅವನದು ಮಾತು ಕಡಿಮೆ, ಬೀಡಿ ಜಾಸ್ತಿ. ಐದು ದಿನ ನಾನೂ ಅಲ್ಲೇ ಇದ್ದೆ. ಹುಣಸೆ ಮರದ ಕೊಂಬೆಗೆ ಸರಪಳಿ ಕಟ್ಟಿ ಹಳೆಯ ಇಂಜಿನ್ ಎತ್ತಿದ. ಡೀಸೆಲ್ಲಿನದು ಭಾರವೂ ಹೌದು, ಉದ್ದವೂ ಹೌದು. ರೇಡಿಯೇಟರನ್ನು ನಾಲ್ಕು ಬೆರಳು ಮುಂದೆ ಸರಿಸಿ, ಮುಂದಿನ ಸ್ಪ್ರಿಂಗುಗಳಿಗೆ ಒಂದೊಂದು ಪಟ್ಟಿ ಹೆಚ್ಚು ಸೇರಿಸಿ, ಇಂಜಿನ್ ಕೂರುವ ಜಾಗವನ್ನೇ ಕತ್ತರಿಸಿ ಬೇರೆ ಬೆಸುಗೆ ಹಾಕಿದ. ಒಂದೊಂದು ನಟ್ಟು ಬಿಗಿದ ಮೇಲೂ ಅದರ ಮೇಲೆ ಸುಣ್ಣದ ಗೆರೆ ಎಳೆದ, ಸಡಿಲಾದರೆ ಗೆರೆ ತಪ್ಪಿದ್ದು ಕಾಣುತ್ತದೆ ಎಂದು. ನಾನು ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಆ ಗೆರೆಗಳನ್ನು ನೋಡುತ್ತೇನೆ. ಒಂದೂ ತಪ್ಪಿಲ್ಲ. ಆದರೂ ನನ್ನ ಹೆದರಿಕೆ ಹೋಗಿಲ್ಲ.

ಮೊನ್ನೆ ಮಿರಗದ ಮಳೆಗೆ ಹಳ್ಳ ಬಂತು. ಮಶಾಕಸಾಬ ಹಿಂದಿನ ದಿನವೇ ಊರಿಗೆ ಬಂದಿದ್ದ, ತಾನಾಗಿಯೇ ಬಾಜು ಕೂತ. "ನಡೀರಿ ಮಲಕಪ್ಪಣ್ಣಾ, ದಾಟೂಣು" ಅಂದ. ಎರೆಮಣ್ಣಿನ ಕರಿ ನೀರು, ತಳ ಕಾಣುವುದಿಲ್ಲ. ದಂಡೆಯ ಮೇಲೆ ಮಂದಿ ನೆರೆದಿದ್ದರು. ನಾನು ಜೀಪನ್ನು ಹಳ್ಳಕ್ಕೆ ಇಳಿಸಿದೆ. ನಡುಹಳ್ಳಕ್ಕೆ ಹೋದಾಗ ನೀರು ಬಾನೆಟ್ಟಿಗೆ ಬಡಿಯಿತು, ಹಿಂದಿನ ಗಾಲಿ ಒಂದು ಮೊಳ ಜಾರಿತು. ಆದರೆ ಇಂಜಿನ್ ನಿಲ್ಲಲಿಲ್ಲ, ಆಚೆ ದಂಡೆ ಹತ್ತಿದೆವು. ಹೊರಳಿ ಬರುವಾಗ ನನ್ನ ಕೈಲಾಗಲಿಲ್ಲ, ಮಶಾಕಸಾಬನೇ ಹೊಡೆದ. ಅವ್ವ ಬಾನೆಟ್ಟಿಗೆ ಕುಂಕುಮ ಹಚ್ಚಿ, "ಹೋದ ವರ್ಷಾನ ಇದು ಇದ್ದಿದ್ರ ನನ್ನ ಮೊಮ್ಮಗ ಉಳೀತಿದ್ದ" ಎಂದು ಎಲ್ಲರೆದುರು ಅತ್ತಳು.

ಬರುವ ಅಮಾವಾಸ್ಯೆ ಮುಗಿದ ಗುರುವಾರ ದೇವಿಕೊಪ್ಪಕ್ಕೆ ಬಂದು ನಿನ್ನನ್ನು ಕರೆದುಕೊಂಡು ಬರಬೇಕೆಂದು ಅವ್ವ ಗೊತ್ತು ಮಾಡಿದ್ದಾಳೆ. ನಿನ್ನ ಯಜಮಾನರು ತಿರಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಕೊಡ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಉಡಿ ತುಂಬಲಿ. ಅವ್ವ ಯಮನೂರಿಗೆ ಹೊತ್ತ ಹರಕೆಯನ್ನು ನೀನೇ ಕೂಸಿನೊಂದಿಗೆ ಹೋಗಿ ತೀರಿಸುವಂತಾಗಲಿ.

ನಿನ್ನ ಅಣ್ಣ
ಮಲಕಪ್ಪ

ತಾ.ಕ.: ಇಲ್ಲಿಂದ ಮುಂದಿನದನ್ನು ಒಬ್ಬಳೇ ಓದು.

ಹಳೆಯ ಇಂಜಿನ್ ಇಳಿಸಿದ ದಿನ ಮಶಾಕಸಾಬ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಒಳಗೆ ಕೆಸರಿಲ್ಲ, ತುಕ್ಕಿಲ್ಲ. "ಇದರಾಗ ನೀರ ಹೋಗಿಲ್ಲಲ್ರಿ" ಅಂದ. ನಾನು ಬೇರೆ ಕಡೆ ನೋಡಿದೆ. ಅವನು ಮುಚ್ಚಳ ಹಾಕಿ ಡಬ್ಬಿಯನ್ನು ಪಕ್ಕಕ್ಕಿಟ್ಟ.

ಅಂದು ಇಂಜಿನ್ ತಾನಾಗಿ ನಿಂತಿರಲಿಲ್ಲ ರೇಣವ್ವಾ. ನೀನು ಹಿಂದೆ ಅವ್ವನ ತೊಡೆಯ ಮೇಲೆ ನರಳುತ್ತಿದ್ದೆ. ಗಾಲಿ ಜಾರಿತು. ಎಲ್ಲರೂ ಕೊಚ್ಚಿಹೋದೆವು ಎಂದು ಜೀವ ಬಾಯಿಗೆ ಬಂದು, ನಾನೇ ಚಾವಿ ತಿರುವಿ ಬಂದ್ ಮಾಡಿದೆ. ಮತ್ತೆ ಚಾಲೂ ಮಾಡುವ ಧೈರ್ಯ ಬರಲಿಲ್ಲ. ಇಂಜಿನ್ನಿಗೆ ನೀರು ಹೊಕ್ಕಿತು ಎಂದು ಕೂಗಿದೆ. ಎತ್ತು ತಂದು ಎಳೆಯುವಷ್ಟರಲ್ಲಿ ಎರಡು ತಾಸು ಹೋಯಿತು, ಕೂಸೂ ಹೋಯಿತು. ಮರುದಿನ ನೀನು ನನ್ನ ಕೈ ಹಿಡಿದು, "ಇಂಜಿನ್ನ ಕೈ ಕೊಟ್ಟರ ನೀ ಏನ ಮಾಡ್ತಿ ಅಣ್ಣಾ" ಅಂದೆ. ಹತ್ತು ತಿಂಗಳು ನಾನು ಆ ಮಾತಿನ ಹಿಂದೆ ಅಡಗಿ ಕೂತಿದ್ದೇನೆ.

ಮೊನ್ನೆಯೂ ನಡುಹಳ್ಳದಲ್ಲಿ ನನ್ನ ಕೈ ಚಾವಿಗೆ ಹೋಯಿತು. ತಿರುವಿಯೂ ಬಿಟ್ಟೆ. ಆದರೆ ಡೀಸೆಲ್ ಇಂಜಿನ್ ಚಾವಿಗೆ ನಿಲ್ಲುವುದಿಲ್ಲ, ನಿಲ್ಲಿಸಲು ಬೇರೆ ಒಂದು ಗುಂಡಿ ಹಿಡಿದು ಎಳೆಯಬೇಕು. ಹೆದರಿಕೆಯಲ್ಲಿ ನನಗೆ ಅದು ಮರೆತುಹೋಗಿತ್ತು, ಅದಕ್ಕೇ ದಾಟಿದೆವು. ಆಚೆ ದಂಡೆಯಲ್ಲಿ ಮಶಾಕಸಾಬ ಚಾವಿ ನೋಡಿದ, ನನ್ನ ಮುಖ ನೋಡಿದ. "ತಂಗಿಗೆ ಹೇಳಿಬಿಡ್ರಿ" ಅಂದ, ಅಷ್ಟೇ.

ಆ ಗುಂಡಿ ನನ್ನ ಬಲಗೈ ಹತ್ತಿರ ಇತ್ತು. ಅದನ್ನು ಬಿಚ್ಚಿಸಿ, ತಂತಿ ಉದ್ದ ಮಾಡಿಸಿ, ಎಡಗಡೆಯ ಸೀಟಿನ ಮುಂದೆ ನನ್ನ ಕೈಗೆ ಸಿಗದಂತೆ ಹಾಕಿಸಿದ್ದೇನೆ. ಇಷ್ಟು ಓದಿದ ಮೇಲೆ ಬರಲು ಮನಸ್ಸಾಗದಿದ್ದರೆ ಒಂದು ಕಾರ್ಡು ಹಾಕು, ಅವ್ವನಿಗೆ ನಿಜವನ್ನು ನಾನೇ ಹೇಳುತ್ತೇನೆ. ಬರುವುದಾದರೆ ಹಿಂದೆ ಕೂಡಬೇಡ, ಆ ಎಡಗಡೆ ಸೀಟಿನಲ್ಲೇ ಕೂಡು. ನಡುಹಳ್ಳದಲ್ಲಿ ನಾನು ಎಷ್ಟು ಬೇಡಿಕೊಂಡರೂ ಆ ಗುಂಡಿ ಎಳೆಯಬೇಡ.