ಹನ್ನೆರಡು ಬಾಣಗಳಿಗೆ ಅಂಟಿಸಿದ ಚೀಟಿ

ಕ್ರೀಡಾ ಸಾಮಗ್ರಿ ಉಗ್ರಾಣದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿಯ ಹನ್ನೆರಡು ಬಾಣಗಳು ನಿಮ್ಮ ಬೀಗದೊಳಗಿವೆ. ವಾಪಸ್ ಕೊಡಿ. ಮೂರು ಅರ್ಜಿಗಳಲ್ಲಿ ವಿನಯದಿಂದ ಕೇಳಿ ಸಾಕಾಗಿ, ಈಗ ಊರೆಲ್ಲ ಓದುವಂತೆ ಕೇಳುತ್ತಿದ್ದೇನೆ.

ನಾನು ಗಡಿಯಾರ ರಿಪೇರಿ ಮಾಡುವವನು. ಆ ಬಾಣಗಳಿಗೆ ಗರಿ ಅಂಟಿಸಿದ್ದು ನಾನೇ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರದ ಚಿಮಟದಲ್ಲಿ ಹಿಡಿದು, ಒಂದೊಂದಕ್ಕೆ ಮೂರರಂತೆ. ಒಂದು ಬಾಣ ಕೂದಲೆಳೆಯಷ್ಟು ಭಾರವಾದರೂ ತಂಗಿಗೆ ಕೈಯಲ್ಲಿ ಹಿಡಿದೊಡನೆ ಗೊತ್ತಾಗುತ್ತಿತ್ತು. "ಅಣ್ಣಾ, ಇದು ಊಟ ಮಾಡ್ಕೊಂಡು ಬಂದಿದೆ, ಸ್ವಲ್ಪ ಇಳಿಸು" ಅನ್ನುತ್ತಿದ್ದಳು. ನಾನು ಬೈದುಕೊಂಡೇ ಗರಿ ಕಿತ್ತು ಮತ್ತೆ ಅಂಟಿಸುತ್ತಿದ್ದೆ. ಹೀಗೆ ಎರಡು ವರ್ಷ ತಯಾರಾಗಿ ಅವಳು ಹಲವು ದೇಶಗಳು ಸೇರುವ ಆ ದೊಡ್ಡ ಕ್ರೀಡಾಕೂಟಕ್ಕೆ ಹೊರಟಳು.

ಅವಳ ಹಿಂದೆಯೇ ನಿಮ್ಮ ಕಾರ್ಯದಕ್ಷತೆಯೂ ವಿಮಾನ ಹತ್ತಿತು. ತಂಡದ ಜೊತೆ ಹೋದ ಪ್ರತಿ ವಸ್ತುವಿಗೂ ಸಂಖ್ಯೆಯ ಚೀಟಿ ಇರತಕ್ಕದ್ದು ಎಂಬ ನಿಮ್ಮ ಸುತ್ತೋಲೆ ಸರಿಯಾಗಿ ಪಂದ್ಯದ ದಿನ ಬೆಳಿಗ್ಗೆ ತಲುಪಿತಂತೆ. ಕುರ್ಚಿಗೆ, ಛತ್ರಿಗೆ, ನೀರಿನ ಡಬ್ಬಕ್ಕೆ ಅಂಟಿಸಿದ ಕೈಗಳು ಬಾಣಗಳಿಗೂ ಅಂಟಿಸಿದವು, ಅದೂ ಗರಿಗಳ ಪಕ್ಕದಲ್ಲೇ; ಬಿಲ್ಲು ಮಾತ್ರ ತಂಗಿಯ ಕೈಯಲ್ಲಿದ್ದುದರಿಂದ ತಪ್ಪಿಸಿಕೊಂಡಿತು. ಸ್ವಾಮಿ, ಕುರ್ಚಿ ಹಾರುವುದಿಲ್ಲ, ಬಾಣ ಹಾರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ನಿಮ್ಮ ಇಡೀ ಕಚೇರಿಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ತಂಗಿ ತಂಡದ ವ್ಯವಸ್ಥಾಪಕರ ಹತ್ತಿರ ಓಡಿದಳು.

"ಕಿತ್ತು ಹಾಕ್ಲಾ ಸರ್?"

"ಅಯ್ಯೋ ಬೇಡಮ್ಮ, ಕಿತ್ರೆ ನಿನ್ನ ಮೇಲೂ ಕ್ರಮ, ನನ್ನ ಮೇಲೂ ಕ್ರಮ. ಇಷ್ಟೇ ಇಷ್ಟು ಚೀಟಿ ತಾನೆ, ಹಾಗೇ ಹೊಡಿ."

ಅವರನ್ನು ನಾನು ದೂರುವುದಿಲ್ಲ. ನಿವೃತ್ತಿಗೆ ಎಂಟು ತಿಂಗಳು ಉಳಿದ ಮನುಷ್ಯ.

ನಾನೂ ಅಮ್ಮನೂ ಅಂಗಡಿಯ ಟಿವಿಯ ಮುಂದೆ ಕೂತಿದ್ದೆವು. ಅವಳ ಬಾಣವನ್ನು ಹತ್ತಿರದಿಂದ ತೋರಿಸಿದಾಗ ಗರಿಯ ಪಕ್ಕ ಬಿಳಿಯದೊಂದು ಕಂಡಿತು. ಒಂದರ ಚೀಟಿ ನೆಟ್ಟಗಿದೆ, ಇನ್ನೊಂದರದು ತುದಿ ಎದ್ದು ಗಾಳಿಗೆ ಪಟಪಟ ಅನ್ನುತ್ತಿದೆ. ಬಾಣ ಒಂದು ಸಲ ಕೆಳಗೆ ಬಿತ್ತು, ಮುಂದಿನ ಸಲ ಪಕ್ಕಕ್ಕೆ. ಪ್ರತಿ ಸಲವೂ ಅವಳು ತನ್ನ ಕೈಯನ್ನೇ ನೋಡಿಕೊಂಡಳು. "ಏನಾಯ್ತೋ ಇವಳಿಗೆ, ಜ್ವರಗಿರ ಬಂದಿದ್ಯಾ?" ಎಂದು ಅಮ್ಮ ನನ್ನ ತೋಳು ಅಲ್ಲಾಡಿಸಿದಳು. ನನ್ನ ಕೈಯಲ್ಲಿ ಚಿಮಟವಿತ್ತು. ಅಷ್ಟು ಅಸಹಾಯಕನಾಗಿ ನಾನು ಹಿಂದೆಂದೂ ಕೂತಿರಲಿಲ್ಲ. ಮೊದಲ ಸುತ್ತಿನಲ್ಲೇ, ಒಂದೇ ಒಂದು ಅಂಕದಿಂದ ಅವಳು ಸೋತಳು.

ಸೋತದ್ದಕ್ಕೆ ವಿವರಣೆ ಕೇಳಿ ನಿಮ್ಮ ಇಲಾಖೆಯಿಂದ ಅವಳಿಗೇ ನೋಟಿಸು ಬಂದಿದೆ! ಬಾಣಗಳು ಮಾತ್ರ ಮನೆಗೆ ಬರಲಿಲ್ಲ, ಚೀಟಿ ಬಿದ್ದ ಕುರ್ಚಿ, ಛತ್ರಿಗಳ ಜೊತೆ ನೇರವಾಗಿ ನಿಮ್ಮ ಉಗ್ರಾಣ ಸೇರಿದವು. ನಿಮ್ಮ ಉಗ್ರಾಣದ ಕಿಟಕಿಗೆ ಹೋಗಿ ಕೇಳಿದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು: "ನಂಬರ್ ಬಿದ್ದಿದೆಯಲ್ಲ ಸ್ವಾಮಿ, ಈಗದು ಇಲಾಖೆದು. ನಿಮ್ದು ಅನ್ನೋಕೆ ಅದ್ರ ಮೇಲೆ ನಿಮ್ಮ ನಂಬರ್ ಎಲ್ಲಿದೆ?" ಗರಿಯ ಕೆಳಗಿರುವ ನನ್ನ ಅಂಟನ್ನು ಯಾವ ದಾಖಲೆಯೆಂದು ತೋರಿಸಲಿ?

ಮುಂದಿನ ಆಯ್ಕೆ ಪಂದ್ಯಕ್ಕೆ ಇನ್ನು ಇಪ್ಪತ್ತೊಂದು ದಿನ. ಆ ಬಾಣಗಳು ಅವಳ ತೋಳಿನ ಅಳತೆಗೆ ಕತ್ತರಿಸಿದವು. ಹೊಸದು ತರಿಸಲು ಮೂರು ತಿಂಗಳು ಬೇಕು. ದಿನಾ ಬೆಳಿಗ್ಗೆ ತಂಗಿ ಹಿತ್ತಲಲ್ಲಿ ಬರಿಯ ಬಿಲ್ಲು ಹಿಡಿದು ನಿಲ್ಲುತ್ತಾಳೆ. ಹೆದೆಯನ್ನು ಗಲ್ಲದವರೆಗೆ ಎಳೆದು, ಉಸಿರು ಹಿಡಿದು, ಬಿಡದೆ ಮೆಲ್ಲಗೆ ವಾಪಸ್ ತರುತ್ತಾಳೆ. ಬಾಣವಿಲ್ಲದೆ ಬಿಟ್ಟರೆ ಬಿಲ್ಲು ಹಾಳಾಗುತ್ತದೆ. ಹೀಗೆ ನೂರು ಸಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಅಂಗಡಿಗೆ ಹೋಗುತ್ತೇನೆ.

ಪದಕ ಕೇಳುತ್ತಿಲ್ಲ, ತನಿಖೆಯನ್ನೂ ಕೇಳುತ್ತಿಲ್ಲ. ಬಾಣ ಕೊಡಿ. ಚೀಟಿಗಳು ನಿಮ್ಮವೇ. ಹನ್ನೆರಡನ್ನೂ ಹರಿಯದಂತೆ ಬಿಡಿಸಿ, ಒಂದು ಹಾಳೆಗೆ ಅಂಟಿಸಿ, ನಾನೇ ತಂದು ಒಪ್ಪಿಸುತ್ತೇನೆ. ಈ ಪತ್ರಕ್ಕೂ ನೀವೊಂದು ಸಂಖ್ಯೆ ಹಾಕುವಿರಿ, ಆಮೇಲೆ ಇದೂ ನಿಮ್ಮದೇ ಆಗಿಬಿಡುತ್ತದೆ ಎಂದು ಗೊತ್ತು. ಗೊತ್ತಿದ್ದೂ ಬರೆದಿದ್ದೇನೆ.

ಇಂತಿ,
ಚಿಮಟ ಹಿಡಿದು ಕಾಯುತ್ತಿರುವ ಅಣ್ಣ
(ಸಂಖ್ಯೆ: ಇನ್ನೂ ಅಂಟಿಸಿಲ್ಲ)